ಹೊಲಿಸಿ ಕಳಿಸಿದ ರವಿಕೆ

ಜಪಾನಿನವರು ತಿನ್ನುವ ಆ ಶಾವಿಗೆಯ ಒಂದು ಪೊಟ್ಟಣಕ್ಕೆ ನೂರ ಅರವತ್ತು ರೂಪಾಯಿ. ಆಗ ಬಿಡದಿಯ ನನ್ನ ಹೋಟೆಲಿನಲ್ಲಿ ಒಂದು ತಟ್ಟೆ ಇಡ್ಲಿಗೆ ಐದು ರೂಪಾಯಿ, ಸಂತೆಯಲ್ಲಿ ಒಂದು ಕೆ.ಜಿ. ರಾಗಿಗೆ ಒಂಬತ್ತು. ನನ್ನ ಅಣ್ಣನ ಮಗಳು ರಕ್ಷಿತಾ ಕಾರಿನ ವೈರು ಜೋಡಿಸುವ ಫ್ಯಾಕ್ಟರಿಯಲ್ಲಿ ಒಂದು ಪಾಳಿ ನಿಂತರೆ ಅವಳಿಗೆ ನೂರ ಹದಿನೈದು. ದಿನವೆಲ್ಲ ನಿಂತ ಕೂಲಿಗೆ ಒಂದು ಪೊಟ್ಟಣವೂ ಬರುತ್ತಿರಲಿಲ್ಲ. ಕತ್ತರಿಸಿದರೆ ಒಳಗೆ ಮುಕ್ಕಾಲು ಪಾಲು ನೀರು, ಆ ನೀರಿನಲ್ಲಿ ಒಂದು ಹಿಡಿ ಬಿಳೀ ಎಳೆ. ಮೂಗಿಗೆ ಹಿಡಿದರೆ ಮೀನಿನ ವಾಸನೆ. ನಾವು ಲಿಂಗಾಯತರು. ನನ್ನ ಅಡಿಗೆಮನೆಗೆ ಮೊಟ್ಟೆಯ ಸಿಪ್ಪೆ ಕೂಡ ಬಂದದ್ದಿಲ್ಲ.

"ಅತ್ತೆ, ಇದು ಯಾವ್ದೋ ಗಡ್ಡೇಲಿ ಮಾಡಿರಾದು, ಮೀನಲ್ಲ. ಚೆನ್ನಾಗಿ ತೊಳುದ್ರೆ ವಾಸ್ನೆ ಹೋಯ್ತದೆ" ಅಂದಳು ರಕ್ಷಿತಾ, ನಲ್ಲಿಯ ಕೆಳಗೆ ಜರಡಿ ಹಿಡಿದು.

"ಎಷ್ಟ್ ಸಲಿ ತೊಳೀತೀಯ? ಅದೇನು ಊಟವೋ, ಒಗೆಯೋ ಬಟ್ಟೆಯೋ?"

"ಇದ್ರಲ್ಲಿ ಹಿಟ್ಟಿನಂಶ ಇಲ್ವಂತೆ. ಹೊಟ್ಟೆ ತುಂಬ್ತದೆ, ದಪ್ಪ ಆಗಲ್ಲ."

"ನೀರು ಕುಡುದ್ರೂ ದಪ್ಪ ಆಗಲ್ಲ. ಅದ್ಕೆ ನೂರರವತ್ತು ಯಾಕೆ ಕೊಡ್ಬೇಕು?"

ಅದಕ್ಕೆ ಉತ್ತರ ಒಳಗಿನ ಕೋಣೆಯ ಗೂಟದಲ್ಲಿ ತೂಗುತ್ತಿತ್ತು.

ಅದು ಒಂದು ರವಿಕೆ. ವೀಳ್ಯಶಾಸ್ತ್ರಕ್ಕೆ ಗಂಡಿನ ಕಡೆಯವರು ಹೆಣ್ಣಿಗೆ ಸೀರೆ ತರುವಾಗ ಜೊತೆಗೆ ಕುಪ್ಪಸದ ಬಟ್ಟೆ ತರುತ್ತಾರೆ. ಬರೀ ಬಟ್ಟೆ. ಹೆಣ್ಣಿನವರು ತಮ್ಮ ಹುಡುಗಿಯ ಅಳತೆಗೆ ಹೊಲಿಸಿಕೊಳ್ಳುತ್ತಾರೆ. ಗಂಡಿನ ತಾಯಿ, ಸೋಲೂರಿನ ವರಲಕ್ಷ್ಮಮ್ಮ ಮಾತ್ರ ಹೊಲಿಸಿದ ರವಿಕೆಯನ್ನೇ ತಟ್ಟೆಯಲ್ಲಿಟ್ಟು ತಂದಿದ್ದರು. ಹತ್ತು ಜನರ ನಡುವೆ ಅದನ್ನು ಬಿಡಿಸಿ, ರಕ್ಷಿತಾಳ ಭುಜಕ್ಕೆ ಹಿಡಿದು ತೋರಿಸಿ, "ನಮ್ ದೊಡ್ಡ ಸೊಸೆ ಅಳತೆಗೆ ಹೊಲ್ಸಿವ್ನಿ ಕಣವ್ವ. ಧಾರೆ ಹೊತ್ಗೆ ಇದು ನಿಂಗೆ ಹಿಡಿಸ್ಬೇಕು. ಹೆಚ್ಚೇನಿಲ್ಲ, ಒಸಿ ಇಳಿಸ್ಕೊ" ಅಂದರು.

ಎಲ್ಲರೂ ನಕ್ಕರು. ಹೊಂಗನೂರಿನಲ್ಲಿ ರೇಷ್ಮೆ ಬೆಳೆಯುವ ನನ್ನ ಅಣ್ಣ ಗವಿಸಿದ್ದಯ್ಯನೂ ನಕ್ಕ. ಮದುವೆ ಗಂಡು ರುದ್ರಪ್ರಸಾದ ತನ್ನ ಮೊಬೈಲು ನೋಡಿಕೊಂಡು ನಕ್ಕ. ಸೋಲೂರಿನಲ್ಲಿ ಅವನಿಗೆ ಸಿಮೆಂಟಿನ ಅಂಗಡಿ. ಸುತ್ತ ಎಲ್ಲ ಕಡೆ ಷೆಡ್ಡು, ಗೋಡೌನು ಏಳುತ್ತಿದ್ದ ಕಾಲ, ವ್ಯಾಪಾರ ಜೋರಾಗಿತ್ತು. ಅಂಗಡಿಯಂತೆಯೇ ಅವನ ಹೊಟ್ಟೆಯೂ ಬೆಳೆದಿತ್ತು. ಅದರ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತು ನನಗೆ ಬಂದ ಸಿಟ್ಟನ್ನು ನಾನು ವೀಳ್ಯದೆಲೆಯ ಜೊತೆ ಅಗಿದು ನುಂಗಿದೆ. ಮನೆ ತುಂಬ ನೆಂಟರಿದ್ದರು. ರಕ್ಷಿತಾಗೆ ಅವನು ಇಷ್ಟವಾಗಿದ್ದ, ಅದು ಅವಳ ಮುಖದಲ್ಲಿ ಕಾಣುತ್ತಿತ್ತು.

ಫ್ಯಾಕ್ಟರಿಯ ಬಸ್ಸು ಹತ್ತಲು ಹತ್ತಿರವೆಂದು ಅವಳು ಇದ್ದದ್ದು ನನ್ನ ಮನೆಯಲ್ಲಿ. ಎರಡು ಮುದ್ದೆ ನುಂಗಿ ನಗುತ್ತಿದ್ದ ಹುಡುಗಿ. ಪಾಳಿ ಮುಗಿಸಿ ಬರುವಾಗ ರಸ್ತೆ ಬದಿಯ ಗಾಡಿಯಲ್ಲಿ ನೂಡಲ್ಸ್ ತಿಂದು, ನನಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದಳು. ವೀಳ್ಯದ ಮಾರನೇ ವಾರವೇ ಅವಳು ರಾಮನಗರದಲ್ಲಿ ತೂಕ ಇಳಿಸುವ ಒಂದು ಸೆಂಟರಿಗೆ ಹೋಗಿ ಸೇರಿದಳು. ಮೊಬೈಲ್ ಅಂಗಡಿಯ ಮೇಲಿನ ಮಹಡಿ, ಟೈ ಕಟ್ಟಿದ ಒಬ್ಬ ಸಾರ್. ಅನ್ನ, ಮುದ್ದೆ, ಚಪಾತಿ, ಸಕ್ಕರೆ ಎಲ್ಲ ಬಂದ್ ಅಂದನಂತೆ ಅವನು. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಕೋಳಿ ಇಲ್ಲವೇ ಮೀನು, ಸಂಜೆ ಉಪ್ಪು ಹಾಕಿದ ಮೂಳೆ ಸೂಪು, ಜೊತೆಗೆ ಸೊಪ್ಪು, ಸೌತೆಕಾಯಿ, ಬಿಂದಿಗೆಗಟ್ಟಲೆ ನೀರು. "ಸಾರ್, ನಾವು ತಿನ್ನಲ್ಲ" ಅಂದಿದ್ದಾಳೆ ಇವಳು. "ಹಾಗಾದ್ರೆ ಅವನ್ನ ಬಿಡಿ, ಉಳಿದದ್ದು ಮಾಡಿ" ಅಂದಿದ್ದಾನೆ. ನೂಡಲ್ಸ್ ಆಸೆಯಾದರೆ ಇದು ತಿನ್ನಿ ಎಂದು, ಬಿಡದಿಯಲ್ಲಿ ಜಪಾನಿನ ಆಫೀಸರುಗಳಿಗೆಂದೇ ಸಾಮಾನು ತರಿಸುವ ಅಂಗಡಿಯೊಂದರಿಂದ ಆ ಪೊಟ್ಟಣ ತಂದು ಅವನೇ ಮಾರುತ್ತಿದ್ದ.

ಹೀಗೆ ಅವನ ಮಾತಿಗೆ ಹಿಟ್ಟು ಹೋಯಿತು, ನಮ್ಮ ಕುಲದ ಮಾತಿಗೆ ಮೊಟ್ಟೆ ಮಾಂಸ ಹೋಯಿತು. ತಟ್ಟೆಯಲ್ಲಿ ಉಳಿದದ್ದು ಸೌತೆಕಾಯಿ, ಎಲೆಕೋಸು, ಆ ಬಿಳೀ ಎಳೆ. ನಾನು ಬೈದೆ, ಬೇಡಿಕೊಂಡೆ. ಅವಳು ಲಿಂಗಪೂಜೆ ಮುಗಿಸಿ, ಎರಡು ಸೌತೆಕಾಯಿ ಡಬ್ಬಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಹೊಂಗನೂರಿಗೆ ಫೋನು ಮಾಡಿದರೆ ಅಣ್ಣ, "ಇಳೀಲಿ ಬುಡು ರೇವಾ. ಒಳ್ಳೇ ಸಂಬಂಧ. ಇಳುದ್ರೆ ಏನ್ ನಷ್ಟ?" ಅಂದ.

ಮೊದಲು ಕಾಲು ಸೆಳೆತ ಬಂದದ್ದು ಬೆಳಗಿನ ಜಾವ. ಚೀರಿದಳು. ನೋಡಿದರೆ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಒಂದು ಕಡೆಗೆ ಸರಿದಿತ್ತು. ಎಣ್ಣೆ ಹಚ್ಚಿ ತಿಕ್ಕಿದೆ. ಆಮೇಲೆ ಅದು ದಿನಾ ಬರತೊಡಗಿತು. ಒಂದು ದಿನ ಫ್ಯಾಕ್ಟರಿಯಲ್ಲಿ ಲೈನಿನ ಮುಂದೆ ನಿಂತಿದ್ದವಳು ಎರಡೂ ಕಾಲು ಹಿಡಿದುಕೊಂಡು ಕೆಳಗೆ ಕೂತುಬಿಟ್ಟಳಂತೆ. ಸಾಮಾನು ಸಾಗುವ ಬೆಲ್ಟನ್ನೇ ನಿಲ್ಲಿಸಬೇಕಾಯಿತು. ಸೂಪರ್‌ವೈಸರು, "ಇನ್ನೊಂದು ಸಲಿ ಹಿಂಗಾದ್ರೆ ಕಂಟ್ರಾಕ್ಟರ್‌ಗೆ ಹೇಳಿ ಬೇರೆಯವರನ್ನ ಹಾಕಿಸ್ತೀನಿ" ಎಂದು ಆಟೋ ಹತ್ತಿಸಿ ಕಳಿಸಿದ.

ಅವತ್ತೇ ಅವಳನ್ನು ಎಳೆದುಕೊಂಡು ಜೈನಬ್ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಆಯಮ್ಮ ಎಲ್ಲ ಕೇಳಿಸಿಕೊಂಡು ರಕ್ಷಿತಾಳನ್ನೇ ನೋಡಿದರು.

"ಉಪ್ಪಿನ ಸೂಪು ಕುಡೀತಿದ್ದೀಯಾ?"

"ಅದು ಮೂಳೇದು ಮೇಡಂ. ನಾವು ತಿನ್ನಲ್ಲ. ಬುಟ್ಟೆ."

"ಅದರ ಬದಲು?"

"ನೀರು."

ಡಾಕ್ಟರಮ್ಮ ಪೆನ್ನು ಮೇಜಿನ ಮೇಲಿಟ್ಟರು. "ಅನ್ನ ಮುದ್ದೆ ಒಂದೇ ಸಲ ಬಿಟ್ಟರೆ ಮೈಯಲ್ಲಿರೋ ಉಪ್ಪು ಮೂತ್ರದಲ್ಲಿ ಹೊರಟುಹೋಗುತ್ತೆ. ಅದನ್ನ ತುಂಬೋಕೆ ಅಂತಾನೇ ಆ ಸೂಪು. ನೀನು ಸೂಪೂ ಬಿಟ್ಟು, ಮೇಲೆ ಇಷ್ಟು ನೀರು ಕುಡಿದರೆ ಕಾಲು ಹಿಡ್ಕೊಳ್ಳದೆ ಇನ್ನೇನು? ನಾಳೆ ಎದೆ ಹಿಡ್ಕೊಂಡರೆ?" ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಹರಿವೆ ಸೊಪ್ಪು, ಎಳ್ಳು, ಕುಂಬಳದ ಬೀಜ ಎಂದು ಹೇಳಿದರು. ದಿನಾ ಪಾಳಿಗೆ ಮೊದಲು ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ನೆಲಕ್ಕೂರಿ, ಮೀನಖಂಡ ಎಳೆದು ನಿಲ್ಲುವುದನ್ನು ತಾವೇ ನಿಂತು ತೋರಿಸಿದರು. ಹಿಡಿದುಕೊಂಡಾಗ ಮಂಡಿ ನೀಟ ಮಾಡಿ ಕಾಲಬೆರಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕಂತೆ. ನಾನು ಅಷ್ಟು ದಿನ ಸುಮ್ಮನೆ ಎಣ್ಣೆ ತಿಕ್ಕುತ್ತಿದ್ದೆ. "ಸ್ವಲ್ಪ ಇಳಿದರೆ ನಿಂತು ದುಡಿಯೋ ಮಂಡಿಗೆ ಒಳ್ಳೇದೇ. ಆದರೆ ನಿಧಾನವಾಗಿ" ಎಂದೂ ಹೇಳಿದರು.

ಸರಿ, ಇಳಿಯುವುದಾದರೆ ತಿಂದುಕೊಂಡೇ ಇಳಿಯಲಿ ಎಂದು ನಾನು ಒಲೆಯ ಮುಂದೆ ನಿಂತೆ. ಎಳೇ ಸೋರೆಕಾಯಿ ತಂದು, ತಿರುಳು ಬೀಜ ತೆಗೆದು, ಉದ್ದುದ್ದ ಎಳೆಯಾಗಿ ಹೆಚ್ಚಿ, ಉಪ್ಪು ಹಚ್ಚಿ ನೀರು ಬಸಿದು, ಇಡ್ಲಿಯ ಹಬೆಯಲ್ಲಿ ಒಂದೆರಡು ನಿಮಿಷ ಇಟ್ಟೆ. ಹೆಚ್ಚು ಬೆಂದರೆ ಮುದ್ದೆಯಾಗುತ್ತದೆ. ಮೊದಲ ಸಲ ಹಾಗೇ ಆಯಿತು, ಹಸುವಿಗೆ ಹಾಕಿದೆ. ಎರಡನೇ ಸಲ ಎಳೆ ನಿಂತಿತು. ಅದಕ್ಕೆ ಒಗ್ಗರಣೆ ಕೊಟ್ಟು, ಹುರಿದ ಕಡಲೆಬೀಜ ಎಳ್ಳಿನ ಪುಡಿ ಉದುರಿಸಿ, ಪನೀರು ಹಾಕಿ, ನಿಂಬೆ ಹಿಂಡಿದೆ. ಗಾಡಿಯವನ ಥರ ದೊಣ್ಣೆಮೆಣಸಿನಕಾಯಿ, ಈರುಳ್ಳಿಯನ್ನು ಬಿಸಿ ಬಾಣಲೆಯಲ್ಲಿ ತಿರುವಿ ಮೇಲೆ ಹಾಕಿದೆ.

"ಅತ್ತೆ, ನೂಡಲ್ಸ್ ಇದ್ದಂಗೇ ಐತೆ!"

"ಸುಳ್ ಹೇಳ್ಬ್ಯಾಡ. ಸೋರೆಕಾಯಿ ಇದ್ದಂಗೆ ಐತೆ. ತಿನ್ನು."

ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಚೊಂಬು ತುಂಬ ಉಪ್ಪು ಮಜ್ಜಿಗೆ ಕುಡಿದಳು. ಒಂದು ವಾರದಲ್ಲಿ ಸೆಳೆತ ನಿಂತಿತು. ಲೈನಿನಲ್ಲಿ ಪಾಳಿಯೆಲ್ಲ ನಿಂತು ಬಂದಳು. ಆದರೆ ರವಿಕೆ ಹಿಡಿಸಲಿಲ್ಲ. ಬೆನ್ನಿನ ಹುಕ್ಕು ಇನ್ನೂ ನಾಲ್ಕು ಬೆರಳು ದೂರದಲ್ಲೇ ಉಳಿದಿತ್ತು.

ಅಷ್ಟರಲ್ಲಿ ಅಣ್ಣನ ಫೋನು ಬಂತು. ವರಲಕ್ಷ್ಮಮ್ಮ ಮಗನ ಜೊತೆ ಭಾನುವಾರ ಬಿಡದಿಗೇ ಬರುತ್ತಾರಂತೆ, ಹುಡುಗಿ ಅದೇ ರವಿಕೆ ಹಾಕಿಕೊಂಡು ಕಾಣಿಸಿಕೊಳ್ಳಬೇಕಂತೆ. "ಛತ್ರಕ್ಕೆ ಮುಂಗಡ ಕೊಟ್ಟಿವ್ನಿ. ನನ್ ಮಾನ ಉಳ್ಸವ್ವಾ" ಎಂದು ಅವನು ಮಗಳಿಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಫೋನು ಕಿತ್ತುಕೊಂಡೆ.

"ಅಣ್ಣಯ್ಯ, ರವಿಕೆ ಬಿಚ್ಚಿ ಹೊಲಿದ್ರೆ ಒಂದ್ ಗಂಟೆ ಕೆಲ್ಸ. ಹುಡ್ಗೀನ ಬಿಚ್ಚಿ ಹೊಲಿಯಕ್ಕಾಯ್ತದಾ?"

"ನೀನ್ ಇದ್ರಲ್ಲಿ ಬರ್ಬ್ಯಾಡ ರೇವಾ" ಎಂದು ಇಟ್ಟುಬಿಟ್ಟ.

ಶುಕ್ರವಾರದಿಂದ ರಕ್ಷಿತಾ ಮತ್ತೆ ಊಟ ಬಿಟ್ಟಳು. ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಉಪ್ಪು ತಿಂದರೆ ಮೈ ಊದುತ್ತದೆಂದು ಅವಳ ಜೊತೆಯ ಯಾವಳೋ ಹೇಳಿದ್ದಳಂತೆ. ಬರೀ ನೀರು. ತಟ್ಟೆ ಮುಂದಿಟ್ಟರೆ, "ಎಲ್ಡೇ ದಿನ ಅತ್ತೆ, ನಿನ್ ಕಾಲ್ ಹಿಡ್ಕತೀನಿ" ಎಂದು ಅತ್ತಳು. ಬಾಯಿ ಹಿಡಿದು ತಿನ್ನಿಸುವ ವಯಸ್ಸೇ ಅವಳದು?

ಭಾನುವಾರ ಅವರು ಬಂದು ಚಾಪೆಯ ಮೇಲೆ ಕೂತರು. ಅಣ್ಣ ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವರ ಎದುರು ಕೈಕಟ್ಟಿ ನಿಂತಿದ್ದ. ನಾನು ಒಬ್ಬಟ್ಟು ಬೇಯಿಸಿಟ್ಟಿದ್ದೆ. ರಕ್ಷಿತಾ ಆ ರವಿಕೆಯಲ್ಲಿ ಹೊರಗೆ ಬಂದಳು. ಹೇಗೆ ಹಾಕಿಕೊಂಡಳೋ, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ಉಸಿರು ಮೇಲೆಯೇ ಆಡುತ್ತಿತ್ತು. ವರಲಕ್ಷ್ಮಮ್ಮ ಅವಳನ್ನು ತಿರುಗಿಸಿ ಬೆನ್ನು ನೋಡಿದರು, ಹುಕ್ಕಿಗೆ ಬೆರಳು ಹಾಕಿ ನೋಡಿದರು. "ಊಂ, ಪರ್ವಾಗಿಲ್ಲ. ಇನ್ನೊಸಿ" ಅಂದರು.

ರಕ್ಷಿತಾ ಅವರ ಕಾಲಿಗೆ ಬೀಳಲು ಬಗ್ಗಿದಳು. ಬಗ್ಗಿದವಳು ಹಾಗೇ ಪಕ್ಕಕ್ಕೆ ಉರುಳಿ, ಮೀನಖಂಡ ಹಿಡಿದುಕೊಂಡು ಚೀರಿದಳು.

ವರಲಕ್ಷ್ಮಮ್ಮ ತಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡರು. "ಏನ್ ಗವಿಸಿದ್ದಯ್ಯನೋರೆ, ಹುಡ್ಗಿಗೆ ಮೂರ್ಛೆ ಗೀರ್ಛೆ ಐತಾ? ಮುಚ್ಚಿಟ್ಟು ಕೊಡ್ತಿದ್ದೀರಾ?"

"ಇಲ್ರವ್ವ, ಇಲ್ಲ" ಎಂದು ಅಣ್ಣ ಕೈ ಮುಗಿದ. ಮಗಳ ಹತ್ತಿರ ಬರಲಿಲ್ಲ.

ನಾನು ಅವಳ ಮಂಡಿ ಒತ್ತಿ, ಕಾಲಬೆರಳು ಹಿಡಿದು ಎಳೆದೆ. ಗಂಟು ಮೆಲ್ಲಗೆ ಸಡಿಲಾಯಿತು. ಆಮೇಲೆ ಕೂತಲ್ಲಿಂದಲೇ ಬಾಯಿ ತೆಗೆದೆ.

"ಮೂರ್ಛೆ ಅಲ್ಲ ಅಮ್ಮೋರೆ, ಹೊಟ್ಟೆಗಿಲ್ದೆ ಬಂದಿರಾದು. ನೀವು ಹೊಲಿಸಿ ಕಳಿಸಿದ್ರಲ್ಲ, ಅದ್ರಿಂದ ಬಂದಿರಾದು. ಸೊಸೆ ಬೇಕಾಗಿತ್ತೋ, ರವಿಕೆ ನೇತಾಕಕ್ಕೆ ಗೂಟ ಬೇಕಾಗಿತ್ತೋ? ಅಳತೇಲೇ ಮದುವೆ ಆಗಾದಾದ್ರೆ ನಾವೂ ನಿಮ್ ಹುಡುಗನ್ಗೆ ಒಂದ್ ಷರಟು ಹೊಲಿಸಿ ಕಳಿಸ್ತಿದ್ವಿ. ಆ ಹೊಟ್ಟೆ ಮೇಲೆ ಗುಂಡಿ ಕೂರೋ ಗಂಟ ಧಾರೆ ಎರೀತಿರ್ಲಿಲ್ಲ!"

"ರೇವಾ! ಬಾಯ್ ಮುಚ್ಚು!" ಅಣ್ಣ ಗುಡುಗಿದ.

"ಇಷ್ಟ್ ದಿನ ಮುಚ್ಚೇ ಇತ್ತಲ್ಲ ಅಣ್ಣಯ್ಯ. ಏನ್ ಉಳೀತು?"

ರುದ್ರಪ್ರಸಾದನ ಮುಖ ಕೆಂಪಾಯಿತು. ಅಷ್ಟರಲ್ಲಿ ರಕ್ಷಿತಾ ಗೋಡೆಗೆ ಒರಗಿ ಎದ್ದು ಕೂತಿದ್ದಳು. ನಮ್ಮಿಬ್ಬರನ್ನೂ ನೋಡದೆ ಅವನನ್ನೇ ಕೇಳಿದಳು. "ನೀವೇ ಹೇಳಿ. ನಂಗೇನಾಗೈತೆ ಅಂತ ನಿಮ್ಗೆ ಫೋನಲ್ಲಿ ಹೇಳಿದ್ದೆ. ಫ್ಯಾಕ್ಟ್ರೀಲಿ ಬಿದ್ದಿದ್ದೂ ಹೇಳಿದ್ದೆ. ಈಗ ಅವ್ರಿಗೆ ಹೇಳಿ."

ಅವನಿಗೆ ಗೊತ್ತಿತ್ತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನು ತಾಯಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಚಾಪೆಯ ಕಡೆ ನೋಡುತ್ತ, "ಅಮ್ಮ ಕೇಳಾದೂ ಸರಿನೇ, ಒಂದ್ಸಲಿ ದೊಡ್ಡ ಆಸ್ಪತ್ರೇಲಿ ತೋರ್ಸಿ. ರಿಪೋರ್ಟ್ ಬರ್ಲಿ, ಆಮೇಲೆ ನೋಡನ" ಅಂದ.

ರಕ್ಷಿತಾ ಗೋಡೆ ಹಿಡಿದು ಕುಂಟುತ್ತ ಒಳಗೆ ಹೋದಳು. ಹಳೇ ನೈಟಿ ತೊಟ್ಟು, ರವಿಕೆಯನ್ನು ನೀಟಾಗಿ ಮಡಿಸಿ ತಂದು ವರಲಕ್ಷ್ಮಮ್ಮನ ಮುಂದಿಟ್ಟಳು. "ಹುಕ್ಕು ಎಲ್ಲಾ ಸರಿಯಾಗವೆ, ನೋಡ್ಕಳಿ" ಅಂದಳು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ, ಎಲ್ಲರಿಗೂ ಕಾಣುವಂತೆ ಕೂತು ಒಬ್ಬಟ್ಟಿನ ತಟ್ಟೆ ಎಳೆದುಕೊಂಡಳು. ಒಂದು ತುತ್ತು ಬಾಯಿಗಿಟ್ಟು, "ಅತ್ತೆ, ತುಪ್ಪ" ಅಂದಳು.

ವರಲಕ್ಷ್ಮಮ್ಮ ರವಿಕೆ ತೆಗೆದುಕೊಂಡು ಎದ್ದರು. "ನೋಡ್ರಿ ನಿಮ್ ಮಗಳ ಗರ್ವವ! ಮನೆಗೆ ಬಂದೋರ ಮುಂದೆ ತಿಂತಾ ಕೂತವ್ಳೆ." ಅಣ್ಣ ಅವರ ಹಿಂದೆಯೇ ಬಸ್ ಸ್ಟ್ಯಾಂಡಿನವರೆಗೂ ಹೋದ. ಮಗಳು ತಿಂದಳೋ ಇಲ್ಲವೋ ಎಂದು ನೋಡಲು ತಿರುಗಿ ಬರಲಿಲ್ಲ. ಅಲ್ಲಿಂದಲೇ ಹೊಂಗನೂರಿನ ಬಸ್ಸು ಹತ್ತಿದನಂತೆ.

ಮಾರನೇ ದಿನ ರಕ್ಷಿತಾ ನನ್ನ ಮೇಲೂ ಹರಿಹಾಯ್ದಳು. "ನೀನು ಅವ್ರ ಹೊಟ್ಟೆ ಮಾತು ಎತ್ತಬಾರ್ದಿತ್ತು. ನಾನು ಮೊದ್ಲು ಕೇಳಿದ್ರೆ ಅವ್ರು ಬ್ಯಾರೆ ಥರ ಹೇಳ್ತಿದ್ರೇನೋ. ನೀನು ಅವಮಾನ ಮಾಡ್ಬುಟ್ಟೆ, ಅದ್ಕೆ ಹಂಗಂದ್ರು."

"ಹೇಳೋನಾಗಿದ್ರೆ ನೀನು ಬಿದ್ದಾಗ್ಲೇ ಹೇಳ್ತಿದ್ದ ಕಣೆ."

"ಅದು ನಂಗೂ ಗೊತ್ತು" ಅಂದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟ ಮಾತ್ರ ಬಿಡಲಿಲ್ಲ.

ಸಂಬಂಧ ಮುರಿಯಿತು. ಛತ್ರದ ಮುಂಗಡ ವಾಪಸು ಬರಲಿಲ್ಲ. ಅಣ್ಣ ನನ್ನ ಜೊತೆ ಮಾತು ಬಿಟ್ಟ, ಎರಡು ಗೌರಿ ಹಬ್ಬ ಕಳೆದರೂ ಬಾಗಿನ ಬಂದಿಲ್ಲ. ರಕ್ಷಿತಾಗೆ ಇಷ್ಟವಾಗಿದ್ದ ಹುಡುಗ ಹೋದ, ಅದಕ್ಕೆ ಅವಳು ಎಷ್ಟು ಅತ್ತಳೋ ನನಗೆ ಪೂರಾ ಗೊತ್ತಿಲ್ಲ. ಅವಳ ಫ್ಯಾಕ್ಟರಿ ಕೆಲಸ ಉಳಿಯಿತು, ಕಾಲಿನ ಸೆಳೆತ ಮತ್ತೆ ಬರಲಿಲ್ಲ. ಆಮೇಲೆ ಡಾಕ್ಟರಮ್ಮ ಹೇಳಿದಂತೆ ನಿಧಾನವಾಗಿ ನಾಲ್ಕು ಕೆ.ಜಿ. ಇಳಿದಳು, ಯಾರ ಅಳತೆಗೂ ಅಲ್ಲ.