ಹಿರಿಯರ ನಂಬರು

ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒಡೆಲ್ ಗ್ಯಾಡ್ಸ್‌ಡನ್ ಹಳೆಯ ಆಂಪ್ಲಿಫೈಯರಿನ ಮುಂದೆ ಮಂಡಿಯೂರಿದ. ಪ್ರಾರ್ಥನೆಗೇನೂ ಅಲ್ಲ. ಹೋದ ಭಾನುವಾರ ವಾಲ್ಯೂಮು ಕರಕರ ಅಂದಿತ್ತು. ಗುಂಡಿ ಕಳಚಿ ಒಳಗಿನ ದೂಳು ತೆಗೆದರೆ ಸರಿಹೋಗುವ ಕಾಯಿಲೆ. ಆದರೆ ಗುಂಡಿ ಮುಟ್ಟಬೇಕಾದರೆ ಮೊದಲು ಮೇಲಿನ ಪಟ್ಟಿ ಕೀಳಬೇಕಿತ್ತು. ಹನ್ನೊಂದು ವರ್ಷದ ಹಿಂದೆ ತಾನೇ ಅಂಟಿಸಿದ ಬಟ್ಟೆಯ ಪಟ್ಟಿ.

ಜಾರ್ಜಿಯಾದ ವೇಕ್ರಾಸ್ ಊರಿನ ನಮ್ಮ ಚರ್ಚಿನಲ್ಲಿ ಆರ್ಗನ್ನು ಗೀರ್ಗನ್ನು ಇಲ್ಲ. ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತ ನುಡಿಸುವ ಸ್ಟೀಲ್ ಗಿಟಾರೇ ನಮಗೆ ಎಲ್ಲ. ಅದು ಅತ್ತರೆ ನಾವು ಅಳುತ್ತೇವೆ. ಅದು ಕುಣಿದರೆ ಮಂಡಿನೋವಿನ ಮುದುಕಿಯರೂ ಎದ್ದು ಕುಣಿಯುತ್ತಾರೆ. ಮೂವತ್ತು ವರ್ಷ ಅದನ್ನು ನುಡಿಸಿದವರು ಬಾಯ್ಕಿನ್. ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಹಿರಿಯರು ಅಂದರೆ ಅವರೇ. ಅವರ ಆಂಪು ಅರವತ್ತೆರಡರ ಮಾಡೆಲ್ಲು. ಒಳಗೆ ವಾಲ್ವುಗಳು, ಹಳೆಯ ರೇಡಿಯೊದ ಹಾಗೆ ಬಿಸಿಯೇರಲು ಒಂದು ನಿಮಿಷ ಬೇಕು. ವಾಲ್ಯೂಮು ಕಡಿಮೆ ಇಟ್ಟರೆ ದನಿ ಸ್ವಚ್ಛ, ಆದರೆ ತಣ್ಣಗೆ. ಏರಿಸುತ್ತ ಹೋದರೆ ಒಂದು ಜಾಗದಲ್ಲಿ ಸ್ವರದ ಅಂಚು ಒಡೆಯತೊಡಗುತ್ತದೆ, ಅಳು ನುಂಗಿಕೊಂಡು ಮಾತಾಡುವವರ ಗಂಟಲಿನಂತೆ. ಅದನ್ನೂ ದಾಟಿಸಿದರೆ ಬರೀ ಗದ್ದಲ. ಹಿರಿಯರು ಕಣ್ಣು ಮುಚ್ಚಿ ಗುಂಡಿ ತಿರುಗಿಸುತ್ತ ಸರಿಯಾಗಿ ಆ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ನಂಬರಿನ ಗೊಡವೆ ಅವರಿಗಿರಲಿಲ್ಲ.

ನಂಬರಿನ ಹುಚ್ಚು ಹಿಡಿದದ್ದು ಅವರ ಶಿಷ್ಯ ಒಡೆಲ್‌ಗೆ. ಹಿರಿಯರು ಕೊನೆಯ ಭಾನುವಾರ ನುಡಿಸಿ ಮಂಗಳವಾರ ತೀರಿಕೊಂಡರು. ಮಣ್ಣು ಮುಗಿಸಿ ಬಂದವನೇ ಆಂಪಿನ ಮುಂದೆ ಕೂತು, ಅವರು ಬಿಟ್ಟುಹೋದ ಗುರುತನ್ನು ಬರೆದುಕೊಂಡ: ವಾಲ್ಯೂಮು ನಾಲ್ಕು, ಟ್ರೆಬಲ್ ಏಳು, ಬೇಸ್ ಮೂರು. ಯಾರೂ ಕದಲಿಸಬಾರದೆಂದು ಮೇಲೆ ಪಟ್ಟಿ ಅಂಟಿಸಿದ. ಆಮೇಲೆ ಆಂಪು ಹಚ್ಚುವುದು ಆರಿಸುವುದು ಎಲ್ಲ ಹಿಂದಿನ ಸ್ವಿಚ್ಚಿನಿಂದಲೇ.

ಈಗ ಪಟ್ಟಿ ಕಿತ್ತು, ಗುಂಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿದ. ಗುಂಡಿಯ ಬಿಳಿ ಗೆರೆ ಒಂದರ ಹತ್ತಿರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಂದನ್ನು ದಾಟಿ, ಅಂಕೆಯೇ ಇಲ್ಲದ ಖಾಲಿ ಜಾಗಕ್ಕೆ ಹೋಗಿ ನಿಂತಿತು. ಒಡೆಲ್ ಕನ್ನಡಕ ಒರೆಸಿಕೊಂಡು ಮತ್ತೆ ತಿರುಗಿಸಿದ. ಮತ್ತೆ ಅಲ್ಲಿಗೇ ಹೋಯಿತು.

ಆಗ ನೆನಪಾಯಿತು. ಆ ಕೊನೆಯ ಭಾನುವಾರಕ್ಕೆ ಮೊದಲು, ಹಿರಿಯರು ಆಸ್ಪತ್ರೆಯಲ್ಲಿದ್ದ ವಾರ ಇದೇ ಗುಂಡಿಗಳನ್ನು ಕಳಚಿ ಒರೆಸಿ ಮತ್ತೆ ಕೂರಿಸಿದ್ದು ತಾನೇ. ಆಂಪಿನಿಂದ ಹೊರಚಾಚಿದ ಕಡ್ಡಿಯ ಮೇಲೆ ಗುಂಡಿಯನ್ನು ಹೇಗೆ ಬೇಕಾದರೂ ಕೂರಿಸಿ ಪಕ್ಕದ ಸ್ಕ್ರೂ ಬಿಗಿಯಬಹುದು. ಅವಸರದಲ್ಲಿ ವಾಲ್ಯೂಮಿನದನ್ನು ಸೊಟ್ಟ ಕೂರಿಸಿದ್ದ. ಗೆರೆ ನಾಲ್ಕು ತೋರಿಸುವಾಗ ಒಳಗೆ ಆರೂವರೆ ಇರುತ್ತಿತ್ತು. ಹಿರಿಯರು ಕಿವಿಯಿಂದಲೇ ಆರೂವರೆಗೆ ಹೋಗಿ ನಿಂತಿದ್ದರು. ಈ ಮಹಾನುಭಾವ ಅದನ್ನು ನಾಲ್ಕು ಅಂತ ಬರೆದುಕೊಂಡಿದ್ದ.

ಹಿರಿಯರ ಆಂಪಿನಲ್ಲೇ ನುಡಿಸುತ್ತಿದ್ದ ಅವನಿಗೆ ಇದರಿಂದ ಏನೂ ಕೆಡಲಿಲ್ಲ. ಕೆಟ್ಟದ್ದು ವರ್ನೆಲ್‌ಗೆ.

ವರ್ನೆಲ್ ಮಿಮ್ಸ್ ಕೂಡ ಹಿರಿಯರ ಶಿಷ್ಯೆ. ಅವಳ ಕಿವಿ ತನ್ನದಕ್ಕಿಂತ ಚುರುಕು ಅನ್ನುವುದು ಒಡೆಲ್‌ಗೆ ಗೊತ್ತಿತ್ತು, ಗೊತ್ತಿದ್ದದ್ದೇ ಮುಳ್ಳಾಗಿತ್ತು. ಹಿರಿಯರ ಜಾಗಕ್ಕೆ ಯಾರು ಎಂಬ ಮಾತು ಬಂದಾಗ ಪಾಸ್ಟರ್ ಟಿಲ್ಮನ್ ಇಬ್ಬರನ್ನೂ ನುಡಿಸಲು ಕರೆದರು. ಅವಳ ಆಂಪೂ ಅದೇ ಕಂಪನಿ, ಅದೇ ವರ್ಷದ್ದು. ಎರಡನ್ನೂ ಅಕ್ಕಪಕ್ಕ ಇಟ್ಟರು. ಅವಳು ಕಣ್ಣು ಮುಚ್ಚಿ ಗುಂಡಿಗೆ ಕೈ ಹಾಕಿದಳು. ಒಡೆಲ್ ಎದ್ದುಹೋಗಿ, ಇರಮ್ಮ, ಹಿರಿಯರ ನಂಬರು ನನ್ನ ಹತ್ತಿರ ಇದೆ ಎಂದು ತಾನೇ ನಾಲ್ಕು, ಏಳು, ಮೂರಕ್ಕೆ ಇಟ್ಟ.

ಅವಳು ಒಂದು ತಂತಿ ಮೀಟಿ ಮುಖ ಸಣ್ಣ ಮಾಡಿದಳು. "ಇಷ್ಟಕ್ಕಿಟ್ರೆ ಇದು ಅಳೋದೇ ಇಲ್ಲ ಅಣ್ಣ."

"ಹಿರಿಯರಿಗಿಂತ ನಿನ್ನ ಕಿವಿ ದೊಡ್ಡದೇನಮ್ಮ?" ಎಂದ ಒಡೆಲ್. ಮುಂದಿನ ಬೆಂಚಿನವರು ನಕ್ಕರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಅವನ ಆಂಪು ತುಂಬು ಗಂಟಲಲ್ಲಿ ಅತ್ತಿತು. ಅವಳದು ನೆಗಡಿಯಾದವರಂತೆ ಸಣ್ಣಗೆ ಹಾಡಿತು. ಜನ ಕೂತಲ್ಲೇ ಕೂತಿದ್ದರು. ಆಂಪು ಒಂದೇ, ವಾಲ್ವು ಒಂದೇ, ನಂಬರೂ ಒಂದೇ, ಅಂದಮೇಲೆ ವ್ಯತ್ಯಾಸ ಇರೋದು ಕೈಯಲ್ಲೇ ತಾನೆ ಎಂದು ಅಲ್ಲಿ ಲೆಕ್ಕ ಬಿಡಿಸಿ ಹೇಳಿದವನೂ ಒಡೆಲೇ. ವರ್ನೆಲ್ ಆಮೇಲೆ ಚರ್ಚಿನ ಅಡುಗೆಮನೆ ಸೇರಿದಳು. ಮೀನು ಕರಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಜನ ಹೊಗಳುತ್ತಿದ್ದರು.

ಶನಿವಾರ ಆಂಪಿನ ಮುಂದೆ ಕೂತ ಒಡೆಲ್‌ಗೆ ಇದೆಲ್ಲ ನೆನಪಾಯಿತು. ಕಿವಿಯಿಂದ ಕುತ್ತಿಗೆಯವರೆಗೆ ಕಾದಿತ್ತು. ನಾಚಿಕೆ ಇಷ್ಟು ಬಿಸಿ ಇರುತ್ತದೆಂದು ಅರವತ್ತೈದು ವರ್ಷಕ್ಕೆ ಅವನಿಗೆ ಗೊತ್ತಾದದ್ದು. ಆಮೇಲೆ ಏನು ಮಾಡಿದ? ದೂಳು ಒರೆಸಿ, ಗುಂಡಿಯನ್ನು ಮೊದಲಿದ್ದ ಹಾಗೇ ಸೊಟ್ಟ ಕೂರಿಸಿ, ಹೊಸ ಪಟ್ಟಿ ಅಂಟಿಸಿ ಮನೆಗೆ ಹೋದ. ನಮ್ಮಲ್ಲಿ ಎಷ್ಟು ಜನ ಬೇರೆ ಏನಾದರೂ ಮಾಡುತ್ತಿದ್ದೆವೋ ನಾನರಿಯೆ.

ಭಾನುವಾರ ಬೆಳಿಗ್ಗೆ ನುಡಿಸಿದ. ಜನ ಎದ್ದರು, ಕೂಗಿದರು, ಅತ್ತರು. ಸಾಕ್ಷಿ ಹೇಳುವ ಹೊತ್ತು ಬಂತು. ನಮ್ಮಲ್ಲಿ ಯಾರು ಬೇಕಾದರೂ ಎದ್ದು ನಿಂತು ಮನಸ್ಸಿನಲ್ಲಿದ್ದದ್ದು ಹೇಳಬಹುದು. ಒಡೆಲ್ ಎದ್ದ. ಪಟ್ಟಿ ಕಿತ್ತು ಸೊಟ್ಟ ಗುಂಡಿ ತೋರಿಸಿದ, ಸ್ಕ್ರೂವಿನ ಕಥೆ ಹೇಳಿದ, ಅಂದು ವರ್ನೆಲ್‌ಗೆ ಕೊಟ್ಟ ನಂಬರು ತಪ್ಪು ಎಂದು ಒಪ್ಪಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತದ್ದು ಕಂಡಿತು. ಕೈಗೆಲ್ಲ ಮೆಕ್ಕೆಜೋಳದ ಹಿಟ್ಟು ಮೆತ್ತಿತ್ತು.

ಜನ ಚಪ್ಪಾಳೆ ತಟ್ಟಿದರು. ಒಂದು ಸ್ಕ್ರೂವಿಗೆ ಇಷ್ಟು ನೊಂದುಕೊಳ್ಳುವ ಮನುಷ್ಯನನ್ನು ನೋಡಿ ಕಲಿಯಿರಿ ಎಂದರು ಪಾಸ್ಟರ್. ಮುದುಕಿಯೊಬ್ಬಳು ಬಂದು ಅವನ ಕೆನ್ನೆ ಸವರಿದಳು. ಒಂದು ಗಳಿಗೆ ಒಡೆಲ್‌ಗೆ ಹಾಯೆನಿಸಿತು. ಹಾಯೆನಿಸಿದ್ದು ತಿಳಿದ ಕೂಡಲೇ ಶನಿವಾರಕ್ಕಿಂತ ಹೆಚ್ಚು ನಾಚಿಕೆಯಾಯಿತು. ಬಾಗಿಲ ಕಡೆ ನೋಡಿದರೆ ಅವಳಿರಲಿಲ್ಲ.

ಅಡುಗೆಮನೆಗೆ ಹೋದ. ವರ್ನೆಲ್ ಬೆನ್ನು ತಿರುಗಿಸಿ ಮೀನಿಗೆ ಹಿಟ್ಟು ಹಚ್ಚುತ್ತಿದ್ದಳು.

"ಸ್ಕ್ರೂದು ಅಲ್ಲಿ ಹೇಳ್ದೆ, ಇನ್ನೊಂದು ಹೇಳ್ಲಿಲ್ಲ," ಎಂದ ಒಡೆಲ್. "ನಾಲ್ಕಕ್ಕಿಟ್ಟಾಗ ನಿನ್ನ ಆಂಪು ಸಪ್ಪೆ ಅನ್ನೋದು ನನಗೂ ಕೇಳಿಸ್ತು ವರ್ನೆಲ್. ಏನೋ ತಪ್ಪಿದೆ ಅಂತ ಆವತ್ತೇ ಗೊತ್ತಾಯ್ತು. ನನಗೆ ಅನುಕೂಲ ಆಯ್ತು, ಬಾಯಿ ಮುಚ್ಕೊಂಡೆ."

ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ.

"ನನ್ನ ಕೈಯಲ್ಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ ಅಣ್ಣ. ದೇವರು ಈ ಕೈ ಮುಟ್ಟಿಲ್ಲ ಅಂತ. ಯಾವ ಪಾಪಕ್ಕೆ ಹೀಗಾಯ್ತು ಅಂತ ಮೊಣಕಾಲೂರಿ ಕೇಳಿದೀನಿ, ಎಷ್ಟು ಸಲ ಅಂತ ಲೆಕ್ಕ ಇಲ್ಲ. ಮಾಡದೆ ಇರೋ ಪಾಪಾನೂ ಒಪ್ಕೊಂಡೆ."

ಅವಳು ತನ್ನ ಆಂಪನ್ನು ಆ ವರ್ಷವೇ ಯಾರಿಗೋ ಕೊಟ್ಟುಬಿಟ್ಟಿದ್ದಳಂತೆ. ಹಿರಿಯರ ಜಾಗ ನಿನ್ನದು, ಸಂಜೆ ನೀನೇ ಕೂತ್ಕೊ ಎಂದ ಒಡೆಲ್. ಅವಳು ಇನ್ನೊಂದು ಮೀನನ್ನು ಹಿಟ್ಟಿನಲ್ಲಿ ಹೊರಳಿಸಿದಳು.

ಸಂಜೆಯ ಪ್ರಾರ್ಥನೆಗೆ ಬಂದಳು. ತೊಳೆದ ಕೈಯನ್ನು ಮತ್ತೆ ಲಂಗಕ್ಕೆ ಒರೆಸಿಕೊಂಡು ಗಿಟಾರಿನ ಹಿಂದೆ ಕೂತಳು. ಒಡೆಲ್ ಗುಂಡಿಯನ್ನು ಸರಿಯಾಗಿ ಕೂರಿಸಿ, ವಾಲ್ಯೂಮು ಪೂರ್ತಿ ಇಳಿಸಿ ಇಟ್ಟಿದ್ದ. ಪಟ್ಟಿ ಇರಲಿಲ್ಲ. ಈಗ ಕಣ್ಣು ಮುಚ್ಚುತ್ತಾಳೆ, ಕಿವಿಯಿಂದಲೇ ಆ ಜಾಗ ಹುಡುಕುತ್ತಾಳೆ ಎಂದು ಅವನು ಕಾದ. ಅದೊಂದು ಕೇಳಿಸಿದರೆ ತನಗೆ ಅರ್ಧ ಕ್ಷಮೆ ಸಿಕ್ಕ ಹಾಗೆ ಎಂದುಕೊಂಡಿದ್ದ.

ವಾಲ್ವುಗಳು ಬಿಸಿಯೇರಿದವು. ವರ್ನೆಲ್ ಗುಂಡಿಯ ಮೇಲೆ ಬೆರಳಿಟ್ಟಳು. ತಿರುಗಿಸಲಿಲ್ಲ. ತುಂಬಿದ ಚರ್ಚಿನಲ್ಲಿ ತಲೆಯೆತ್ತಿ ಅವನನ್ನೇ ಹುಡುಕಿದಳು.

"ಎಷ್ಟಕ್ಕಿಡಬೇಕು ಅಣ್ಣ?" ಎಂದು ಕೇಳಿದಳು.

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಹನ್ನೊಂದು ವರ್ಷ ತನ್ನ ಕಿವಿಯನ್ನೇ ನಂಬದೆ ಕಳೆದವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎಲ್ಲರೂ ಒಡೆಲ್ ಕಡೆ ತಿರುಗಿದರು. ಆರೂವರೆ ಎಂಬ ಮಾತು ಅವನ ನಾಲಗೆಯ ತುದಿಯವರೆಗೆ ಬಂದಿತ್ತು. ಮತ್ತೊಂದು ನಂಬರು ಅವಳ ಕೈಗೆ ಕೊಡಲಾರದೆ ಅವನು ತಲೆ ತಗ್ಗಿಸಿ ನೆಲ ನೋಡುತ್ತ ನಿಂತ.