ಮಾಲಾ, ಬಾ ಇಲ್ಲೆ

ಮುಂದಿನ ಸೀಟಿನ ಮುದುಕಿಯ ಬುಟ್ಟಿಯಲ್ಲಿ ಮಾರದೆ ಉಳಿದ ನಾಲ್ಕೈದು ಕಾಡಿನ ಕವಳಿ ಹಣ್ಣು, ಬಸ್ಸು ಬ್ರೇಕ್ ಹಾಕಿದರೆ ಮುಂದಕ್ಕೆ ಉರುಳುತ್ತವೆ, ಹೊರಟರೆ ಹಿಂದಕ್ಕೆ, ಬೆಳಿಗ್ಗೆ ಬುಟ್ಟಿ ತುಂಬಿಕೊಂಡು ಖಾನಾಪುರದಿಂದ ಬೆಳಗಾವಿಗೆ ಹೋಗಿರಬೇಕು, ಈಗ ಹತ್ತು ಬೆರಳೂ ನೇರಳೆ, ಕಂಡಕ್ಟರ್ ಆಧಾರ್ ತೋರ್ಸವಾ ಅಂದರೆ ಆ ನೇರಳೆ ಬೆರಳುಗಳಿಂದಲೇ ಸೆರಗಿನ ಗಂಟು ಬಿಚ್ಚುತ್ತಾಳೆ, ಬಿಚ್ಚಲಿ, ಇವತ್ತು ನನಗೆ ಯಾವ ಅವಸರವೂ ಇಲ್ಲ, ಭುಜ ಅಲುಗಾಡಬಾರದು ಅಷ್ಟೇ, ಭುಜದ ಮೇಲೆ ಮಾಲಾ ನಿದ್ದೆ ಹೋಗಿದ್ದಾಳೆ. ಎಂಟು ತಿಂಗಳು ಇದೇ ಬಸ್ಸು, ಅವಳು ಮುಂದಿನ ಬಾಗಿಲ ಹತ್ತಿರ, ನಾನು ಹಿಂದೆ ಚಕ್ರದ ಮೇಲಿನ ಸೀಟಿನಲ್ಲಿ, ಇಬ್ಬರೂ ಬಾಜು ಸೀಟಿನ ಮೇಲೆ ಚೀಲ ಇಟ್ಟುಕೊಂಡು, ಒಂದೇ ಓಣಿಯವರು, ಆಟೋ ನಗರದ ಒಂದೇ ವರ್ಕ್‌ಶಾಪಿಗೆ ಒಂದೇ ವರ್ಷ ಸೇರಿದವರು — ಟ್ರ್ಯಾಕ್ಟರ್ ಪಂಪಿನ ಬಿಡಿಭಾಗ, ನಾನು ಅಳತೆ ನೋಡಿ ಪಾಸು ಮಾಡುತ್ತೇನೆ, ಅವಳು ಎಣ್ಣೆ ಸವರಿ ಡಬ್ಬಿಗೆ ತುಂಬುತ್ತಾಳೆ — ನನ್ನ ಕೈ ದಾಟಿದ್ದು ನೇರ ಅವಳ ಕೈಗೇ ಹೋಗಬೇಕು, ಎಂಟು ತಿಂಗಳು ಅದೂ ಇಲ್ಲ, ಟ್ರೇ ನೂಕುವುದು, ಮುಖ ಆ ಕಡೆ. ಅವಳ ತಲೆಗೂದಲಲ್ಲಿ ಮಷಿನ್ ಎಣ್ಣೆಯ ವಾಸನೆ, ನನ್ನದರಲ್ಲೂ ಇದ್ದೀತು, ಹೆಂಗಸರ ತಲೆಗೆ ಬರುವ ವಾಸನೆಯೇನು ಇದು ಅಂತ ಅವ್ವ ಮೂಗು ಮುಚ್ಚುತ್ತಾಳೆ, ಅವ್ವ ಈಗ ಏನು ಮಾಡುತ್ತಿದ್ದಾಳೋ, ಬಾಜು ಮನೆಯ ಸತ್ಯವ್ವ ಚಹಾ ಕುಡಿಸಿರುತ್ತಾಳೆ, ಇವತ್ತು ನನ್ನ ಹೆಸರು ನೆನಪಿದ್ದರೆ ಬಾಗಿಲಲ್ಲೇ ಪಮ್ಮೀ ಅಂತಾಳೆ, ಇಲ್ಲದಿದ್ದರೆ ಯಾರವಾ ನೀ, ಕುಂದ್ರು ಬಾ ಅಂತಾಳೆ, ಎರಡಕ್ಕೂ ಹೂಂ ಅನ್ನುವುದು ರೂಢಿಯಾಗಿದೆ.

ಹೂಂ. ಆ ಒಂದು ಅಕ್ಷರದಿಂದಲೇ ಎಲ್ಲ ಆದದ್ದು. ಕುಮುದಿನಿ ಅಕ್ಕ ವರ್ಕ್‌ಶಾಪಿನ ಸ್ಟೋರಿನಲ್ಲಿ ಹದಿನಾರು ವರ್ಷದಿಂದ ಇದ್ದಾಳೆ, ನಾನು ಸೇರಿದ ಮೊದಲನೇ ದಿನ ಎಲ್ಲಿ ಊಟಕ್ಕೆ ಕೂರಬೇಕೆಂದು ತಿಳಿಯದೆ ಡಬ್ಬಿ ಹಿಡಿದು ನಿಂತಿದ್ದಾಗ ಬಾ ಇಲ್ಲಿ ಕುಂದ್ರು, ಫ್ಯಾನಿನ ಗಾಳಿ ಬರ್ತೈತಿ ಅಂದವಳು ಅವಳೊಬ್ಬಳೇ, ಅದನ್ನು ಮರೆಯಬಾರದು, ಅರ್ಧ ಥಾಲಿಪೀಠ ಮುರಿದು ಕೊಟ್ಟಳು, ಕೊಟ್ಟ ಕೈ ಹಿಂದೆ ತೆಗೆಯುವ ಮೊದಲೇ ದನಿ ಇಳಿಸಿದಳು, ಆ ಲೇತ್ ಮಷಿನ್ ಬಾಳಾಸಾಹೇಬ ಅದಾನಲ್ಲ, ಅವನ ಮನಿ ಕತಿ ಗೊತ್ತೈತೇನು, ಯಾರಿಗೂ ಹೇಳಬ್ಯಾಡ ಮತ್ತ. ಸುಳ್ಳೇಕೆ, ರುಚಿಯಾಗಿತ್ತು. ಹೊಸ ಜಾಗದಲ್ಲಿ ಒಬ್ಬರು ನಿನ್ನನ್ನು ನಂಬಿ ಗುಟ್ಟು ಹೇಳಿದರೆ ನೀನೂ ಒಳಗಿನವಳಾದೆ ಅನಿಸುತ್ತದೆ, ನಾನು ಹೂಂ ಅಂದೆ, ಹೌದೇನ್ರಿ ಅಂದೆ, ನಕ್ಕೆ, ಆರು ವರ್ಷ ನಕ್ಕೆ — ನನ್ನ ಎದುರು ಎಲ್ಲರನ್ನೂ ಹರಾಜಿಗಿಟ್ಟವಳು ನಾನಿಲ್ಲದ ಕಡೆ ನನ್ನನ್ನು ಬಿಟ್ಟಾಳೆಯೇ ಅನ್ನುವ ಲೆಕ್ಕ ಮಾತ್ರ ತಲೆಗೆ ಬರಲಿಲ್ಲ. ಹೋದ ಗಣಪತಿ ಹಬ್ಬದ ಮರುದಿನ ಸ್ಟೋರಿನ ಬಾಗಿಲಲ್ಲಿ ನಿಲ್ಲಿಸಿ, ಪ್ರಮಿಳಾ, ಸಿಟ್ಟ ಮಾಡ್ಕೋಬ್ಯಾಡ, ನಿಮ್ಮವ್ವಗ ತಲಿ ಕೆಟ್ಟೈತಿ ಅಂತ ಮಾಲಾ ಎಲ್ಲಾರ ಮುಂದ ಹೇಳ್ಕೋತ ಅಡ್ಡಾಡಾಕತ್ಯಾಳ, ನಿನಗ ಗೊತ್ತಿರ್ಲಿ ಅಂತ ಹೇಳ್ದೆ ನೋಡವಾ, ನನ್ನ ಹೆಸರ ಹೇಳಬ್ಯಾಡ ಅಂದಳು. ಅವ್ವನ ಮರೆವು ವರ್ಕ್‌ಶಾಪಿನಲ್ಲಿ ಮಾಲಾಗೆ ಬಿಟ್ಟರೆ ಯಾರಿಗೆ ಗೊತ್ತು, ಅವ್ವ ಒಂದು ಮಧ್ಯಾಹ್ನ ಖಾನಾಪುರ ಸ್ಟೇಷನ್ನಿಗೆ ಹೋಗಿ ಲೋಂಡಾ ಗಾಡಿ ಕಾಯುತ್ತಾ ಕೂತಿದ್ದಾಗ, ತವರಿಗೆ ಹೊಂಟೀನಿ ಅಂತ, ಸತ್ತು ಮೂವತ್ತು ವರ್ಷವಾದ ತನ್ನ ಅಪ್ಪ ಕರೆಪ್ಪನನ್ನು ನೋಡಲು ಹೊರಟವಳನ್ನು ಕೈ ಹಿಡಿದು ಮನೆಗೆ ಕರೆತಂದವಳೇ ಮಾಲಾ, ಅವಳೇ ಹೀಗೆ ಅಂದಳೇ. ಕೇಳಲಿಲ್ಲ. ಕೇಳಿದ್ದರೆ ಅರ್ಧ ನಿಮಿಷದ ಮಾತು. ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದೆ.

ಕುಮುದಿನಿ ಅಕ್ಕನ ಮಾತಿಗೂ ಆಮೇಲೆ ರುಚಿ ಹೋಯಿತು, ಆದರೆ ತಪ್ಪಿಸಿಕೊಳ್ಳುವುದು ಹೇಗೆ, ಊಟಕ್ಕೆ ತಡವಾಗಿ ಹೋದರೆ ಅವಳೂ ತಡವಾಗಿ ಬರುತ್ತಾಳೆ, ಈರುಳ್ಳಿ ರೇಟು ಕೇಳಿದರೆ ಈರುಳ್ಳಿಯಿಂದ ಯಾರ ಮನೆಗೋ ಹೋಗುತ್ತಾಳೆ, ಕಿವಿಗೆ ವೈರು ಚುಚ್ಚಿಕೊಂಡು ಹಾಡು ಕೇಳುವ ಹಾಗೆ ತಲೆ ಅಲ್ಲಾಡಿಸಿದೆ, ಆ ತುದಿ ಪರ್ಸಿನ್ಯಾಗ ಐತೆಲ್ಲವಾ, ಫೋನಿಗೆ ಹಚ್ಚ ಮೊದಲ ಅಂದಳು, ಇಬ್ಬರೂ ನಕ್ಕೆವು, ನಗು ಬರುತ್ತದಲ್ಲ, ಅದೇ ಕಷ್ಟ, ಅವಳು ಬರೀ ಕೆಟ್ಟವಳಾಗಿದ್ದರೆ ಸುಲಭವಿತ್ತು. ಇವತ್ತು ಡಬ್ಬಿ ಬಿಚ್ಚಿದ್ದೇ ತಡ, ಕೇಳಿದ್ಯಾ, ನಿನ್ನ ಇನ್‌ಸ್ಪೆಕ್ಷನ್ ಜಾಗಾದ ಮ್ಯಾಲ ಮಾಲಾ ಕಣ್ಣ ಇಟ್ಟಾಳ, ಅವ್ವನ್ನ ಕಟ್ಟಿ ಹಾಕಿ ಕೆಲಸಕ್ಕ ಬರ್ತಾಳ, ಅಂಥಾಕಿಗೆ ಇಲ್ಲೇನು ಲಕ್ಷ್ಯ ಇರ್ತೈತಿ ಅಂತ ಸಾಹೇಬ್ರ ಕಿವಿಗೆ ಹಾಕ್ಯಾಳಂತ. ಕಟ್ಟಿ ಹಾಕಿ. ನಾನು ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತೇನೆ, ಬಾವಿ ಇದೆ ಅಂತ, ಹಾಕಿ ದಿನಾ ಎರಡು ಸಲ ತಿರುಗಿ ನೋಡುತ್ತೇನೆ, ಕಟ್ಟಿ ಹಾಕಿ ಅಂದದ್ದೇ ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ, ಮಾಲಾ, ಬಾ ಇಲ್ಲೆ — ಊಟದ ಹೊತ್ತು, ಕಂಪ್ರೆಸರ್ ಬಂದ್ ಆಗಿತ್ತು, ನನ್ನ ದನಿ ತಗಡಿನ ಮಾಡಿಗೆ ಬಡಿದು ವಾಪಸು ಬಂತು, ಎಲ್ಲರ ಕೈ ಬಾಯಿಯ ಹತ್ತಿರ ನಿಂತಿತು. ಮಾಲಾ ಅನ್ನದ ಬೆರಳುಗಳಲ್ಲೇ ಬಂದಳು, ಎಂಟು ತಿಂಗಳ ಮೇಲೆ ನನ್ನ ಬಾಯಿಂದ ಅವಳ ಹೆಸರು, ಅವಳ ಮುಖದಲ್ಲಿ ಸಿಟ್ಟಿತ್ತೋ ಹೆದರಿಕೆಯಿತ್ತೋ. ಅಕ್ಕಾ, ಈಗ ಹೇಳ್ರಿ, ಆಕಿ ಮುಂದನ ಹೇಳ್ರಿ ಅಂದೆ. ಅಗಬಾಯಿ, ಇಷ್ಟಕ್ಕ ಕರೀಬೇಕೇನು, ನನಗೂ ಯಾರೋ ಹೇಳಿದ್ರು, ನಾ ಚೇಷ್ಟಿ ಮಾಡಿದೆ ಅಂದಳು ಅಕ್ಕ. ನಾನೇ ಹೇಳಿದೆ, ಒಂದೊಂದೇ ಮಾತು, ತಲೆ ಕೆಟ್ಟದ್ದು, ಕಟ್ಟಿ ಹಾಕಿದ್ದು. ಮಾಲಾ ಕೇಳಿದಳು, ಕುಮುದಿನಿ ಅಕ್ಕನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು, ಪಮ್ಮೀ, ನಿನ್ನ ರಜಾ ಅರ್ಜಿ ಬರದ ಕೊಟ್ಟಾವ್ರು ಯಾರು? ಅಯ್ಯೋ. ಹೌದಲ್ಲ. ಆಗಸ್ಟಿನಲ್ಲಿ ಅವ್ವನನ್ನು ಡಾಕ್ಟರಿಗೆ ತೋರಿಸಲು ಮೂರು ದಿನ, ಅಕ್ಕಾ ನಿಮ್ಮ ಅಕ್ಷರ ಚಲೋ ಅದಾವ, ಬರದ ಕೊಡ್ರಿ, ತಾಯಿಯವರಿಗೆ ಮರೆವಿನ ಕಾಯಿಲೆ ಇರುವುದರಿಂದ, ನಾನು ಹೇಳುತ್ತಾ ಹೋದೆ, ಕುಮುದಿನಿ ಅಕ್ಕ ಬರೆಯುತ್ತಾ ಹೋದಳು, ನಾನೇ ನನ್ನ ಬಾಯಿಯಿಂದಲೇ ಹೇಳಿದ್ದನ್ನು ನಾನೇ ಮರೆತೆ, ಮರೆವು ಅವ್ವನಿಗೊಬ್ಬಳಿಗೇ ಅಲ್ಲ. ಮಾಲಾ ಬಿಡಲಿಲ್ಲ, ನೀ ನನಗ ಗಂಡನ್ನ ಬಿಟ್ಟ ಬಂದಾಕಿ ಅಂದ್ಯಂತ, ಆಕಿ ಬಾಜು ಕುಂದ್ರಾಕ ನಾಚಿಕಿ ಆಕ್ಕತಿ ಅಂದ್ಯಂತ, ಅದೂ ಅಕ್ಕಾರ ಹೇಳಿದ್ದು, ಅದೂ ಹಬ್ಬದ ಮರುದಿನಾನ, ಮಾಲಾಳ ದನಿ ಅಲ್ಲಿ ಒಡೆಯಿತು. ಕುಮುದಿನಿ ಅಕ್ಕ ಡಬ್ಬಿ ಮುಚ್ಚಿದಳು, ಒಂದು ಡಬ್ಬಿಯ ಮುಚ್ಚಳ ಇನ್ನೊಂದಕ್ಕೆ ಇಟ್ಟಳು, ಅದು ಕೂರಲಿಲ್ಲ, ಹಾಗೇ ಎತ್ತಿಕೊಂಡು ಸ್ಟೋರಿಗೆ ಹೋದಳು. ನಾನು ಮಾಲಾಳ ಎದುರು ಕೂತು ಉಳಿದ ಊಟ ಮಾಡಿದೆ, ಅನ್ನ ಗಂಟಲಲ್ಲಿ ಇಳಿಯುವುದೂ ಇಷ್ಟು ಸುಲಭವೇ ಅನಿಸಿತು.

ಪೀರನವಾಡಿ ಬರುವ ಮೊದಲೇ ಹೇಳಿಬಿಟ್ಟೆ, ಇಟ್ಟುಕೊಂಡರೆ ಕೊಳೆಯುತ್ತಿತ್ತು — ಮಾಲಾ, ಆ ಮಾತ ನಾ ಅಂದಿಲ್ಲ, ಆದ್ರ ಆಕಿ ಅಂದಾಗ ಹೂಂ ಅಂದಿದ್ದೆ. ಅವಳು ಕಿಟಕಿ ಕಡೆ ತಿರುಗಿದಳು, ಮಚ್ಛೆ ಬಂತು, ಹೋಯಿತು, ಮುಗಿಯಿತು, ಮತ್ತೆ ಹಿಂದಿನ ಸೀಟು ಅಂದುಕೊಂಡೆ, ಆಗ ಕಿಟಕಿಗೇ ಹೇಳುವ ಹಾಗೆ ಅಂದಳು, ನಾನೂ ಅಂದಿದ್ದೆ, ಆಕಿ ನಿಮ್ಮವ್ವನ ಮಾತ ತಗದಾಗ, ಬರೇ ಹೂಂ. ಇಬ್ಬರಿಗೂ ಒಮ್ಮೆಲೇ ನಗು, ಮುದುಕಿ ತಿರುಗಿ ನೋಡಿದಳು, ನಗುತ್ತಾ ಮಾಲಾ ಕಣ್ಣು ಒರೆಸಿಕೊಂಡಳು, ಹಾಗೇ ಒರಗಿದಳು, ಹಾಗೇ ನಿದ್ದೆ. ಎಂಟು ತಿಂಗಳು ನನಗೂ ಬಸ್ಸಿನಲ್ಲಿ ನಿದ್ದೆ ಬಂದಿಲ್ಲ, ಎದೆ ಇಷ್ಟು ಹಗುರ ಇದ್ದದ್ದು ಯಾವಾಗ, ದೇಸೂರಿನ ಗಾಳಿ ತಂಪಾಗಿದೆ, ಮಳೆ ದೂರವಿಲ್ಲ, ಇಳಿದ ಕೂಡಲೇ ಅವಳನ್ನು ಮನೆಗೆ ಕರೆಯಬೇಕು, ಅವ್ವ ಗುರುತು ಹಿಡಿಯದಿದ್ದರೂ ಅವಳ ಕೈ ಹಿಡಿಯುತ್ತಾಳೆ, ನಾಳೆ ಟ್ರೇ ನೂಕುವುದಿಲ್ಲ, ಕೈಗೆ ಕೊಡುತ್ತೇನೆ, ನಾಳೆ ಸ್ಟೋರಿಗೆ ಗೇಜು ತರಲು ಹೋಗಬೇಕು, ಹೋಗಿ ಏನನ್ನುವುದು, ಏನೂ ಅನ್ನುವುದಿಲ್ಲ, ನಮಸ್ಕಾರ್ರಿ ಅಕ್ಕಾ ಅಂದರಾಯಿತು, ಅವಳ ಮಾತಿಗೆ ಹೂಂ ಅನ್ನದಿದ್ದರಾಯಿತು, ಅಷ್ಟೇ ತಾನೇ, ಅಷ್ಟು ಮಾಡಲು ಏಳು ವರ್ಷ ಬೇಕಾಯಿತು — ಸಂಜೆ ನಾವಿಬ್ಬರೂ ಗೇಟಿನ ಎದುರು ಸಿಟಿ ಬಸ್ಸಿಗೆ ನಿಂತಿದ್ದಾಗ ಕುಮುದಿನಿ ಅಕ್ಕ ಸ್ಕೂಟಿ ಹೊರಗೆ ತಂದಳು, ಬಟನ್ ಒತ್ತಿದರೆ ಚಾಲೂ ಆಗಲಿಲ್ಲ, ಸ್ಟ್ಯಾಂಡ್ ಹಾಕಿ ಕಿಕ್ ಹೊಡೆಯತೊಡಗಿದಳು, ದಿನಾ ಯಾರಾದರೂ ಓಡಿ ಹೋಗುತ್ತಿದ್ದರು, ಬಾಳಾಸಾಹೇಬ ಹೋಗುತ್ತಿದ್ದ, ಇವತ್ತು ಎಲ್ಲರೂ ಬದಿಯಿಂದ ದಾಟಿಕೊಂಡು ಹೋದರು, ಚಪ್ಪಲಿ ಕಾಲಿನಿಂದ ಜಾರಿ ಗಟಾರದ ಅಂಚಿಗೆ ಮಗುಚಿ ಬಿತ್ತು, ಅವಳು ಬಗ್ಗಲಿಲ್ಲ, ಬಗ್ಗಿದರೆ ನಮ್ಮ ಕಡೆ ತಿರುಗಬೇಕಾಗುತ್ತಿತ್ತು. ನನ್ನ ಮನಸ್ಸು ಒಂದು ಹೆಜ್ಜೆ ಇಟ್ಟಿತ್ತು, ಖರೇ, ಅಷ್ಟರಲ್ಲಿ ಬಸ್ಸು ಬಂತು, ಮಾಲಾ ಕೈ ಎಳೆದಳು. ತಪ್ಪು ನನ್ನದಲ್ಲ, ಹೇಳಬೇಕಾದ್ದನ್ನೇ ಹೇಳಿದ್ದು, ನಾಳೆಯೂ ಹೇಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ, ಎದೆ ಹಗುರವೇ ಇದೆ, ಖಾನಾಪುರದ ದೀಪ ಕಾಣತೊಡಗಿವೆ, ಮಾಲಾಳನ್ನು ಎಬ್ಬಿಸಬೇಕು, ಎಬ್ಬಿಸುತ್ತೇನೆ, ಆ ಬರಿಗಾಲು ಕಿಕ್ಕಿನ ಕಬ್ಬಿಣದ ಮೇಲೆ ಏರುತ್ತದೆ, ಇಳಿಯುತ್ತದೆ, ಹಿಮ್ಮಡಿ ಕೆಂಪಾಗಿದೆ, ಸ್ಕೂಟಿ ಕೆಮ್ಮಿ ಸುಮ್ಮನಾಗುತ್ತದೆ, ಮಾಲಾ ಏಳು, ಊರ ಬಂತು, ಮತ್ತೆ ಏರುತ್ತದೆ, ಆ ಬರಿಗಾಲು —