ಸವೆಯದ ಸತು

ಹಡಗಿನ ತಳಕ್ಕೆ ಬೆಸೆದ ಸತುವಿನ ಗಟ್ಟಿ ಸವೆಯಲೇಬೇಕು. ಉಪ್ಪುನೀರು ಕಬ್ಬಿಣವನ್ನು ತಿನ್ನಲು ಬಂದರೆ ಸತು ಅಡ್ಡ ನಿಂತು ತನ್ನನ್ನೇ ತಿನ್ನಿಸಿಕೊಳ್ಳುತ್ತದೆ. ವರ್ಷದ ಮೇಲೆ ಅದು ಬಚ್ಚಲಲ್ಲಿ ಬಿದ್ದ ಸೋಪಿನ ಚೂರಿನಂತಾದರೆ ಹಡಗು ಕ್ಷೇಮ. ಆದರೆ ದುರಸ್ತಿಗೆಂದು ನೀರಿನಿಂದ ಮೇಲೆತ್ತಿದ ಆ ಹಡಗಿನ ಹನ್ನೆರಡು ಗಟ್ಟಿಗಳೂ ನಿನ್ನೆ ಅಂಗಡಿಯಿಂದ ತಂದಂತೆ ಕೂತಿದ್ದವು. ಪಕ್ಕದ ಕಬ್ಬಿಣದ ತುಂಬ ಸಿಡುಬಿನ ಕಲೆಯಂಥ ಕುಳಿಗಳು.

ವೆಲ್ಡರ್ ಒಂದು ಕುಳಿಗೆ ಬೆರಳಿಟ್ಟ. ಉಗುರು ಪೂರ್ತಿ ಒಳಗೆ ಹೋಯಿತು. ಹೋದ ವರ್ಷ ಗಟ್ಟಿ ಬೆಸೆದವನು ಅವನೇ. ಮಾರಿದವನು ಅವನ ಹೆಂಡತಿಯ ತಮ್ಮ. ಆ ಬಾಮೈದನ ಮಾತು ಮೊದಲಿನಿಂದಲೂ ಬೆಣ್ಣೆ. ಅತಿವಿನಯಂ ಧೂರ್ತಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಯಾವುದೋ ಕಲಬೆರಕೆ ಕಸ ಕರಗಿಸಿ ತಲೆಗೆ ಕಟ್ಟಿದ್ದಾನೆ. ಯೋಚಿಸಿದಷ್ಟೂ ಸಾಕ್ಷಿ ಸಿಕ್ಕಿತು. ಅವತ್ತು ಅಷ್ಟು ಭಾರವನ್ನು ಆಳಿಗೆ ಕೊಡದೆ ತಾನೇ ಯಾಕೆ ಹೊತ್ತು ತಂದ? ಯಾಕೆ ಅಷ್ಟು ನಗುತ್ತಿದ್ದ? ಹೆಂಡತಿಗೆ ಫೋನ್ ಮಾಡಿ, ನಿನ್ನ ತಮ್ಮ ಕಳ್ಳ, ಇನ್ನು ನಮ್ಮ ಹೊಸ್ತಿಲು ತುಳಿಯಕೂಡದು ಎಂದುಬಿಟ್ಟ. ಅವಳು ಫೋನಿಟ್ಟಳು. ಮ್ಯಾನೇಜರಿಗೂ ದೂರು ಹೇಳಿದ. ಅವರು ಅಂಗಡಿಯವನನ್ನೇ ಕರೆಸಿದರು.

ಬಂದ ಬಾಮೈದ ವಾದಕ್ಕಿಳಿಯಲಿಲ್ಲ. ಲೋಹ ಉಜ್ಜುವ ಒಂದು ಅರ ಕೇಳಿದ. ಕೊಟ್ಟ ಮೇಲೂ ವೆಲ್ಡರ್ ಅವನ ಕೈಯನ್ನೇ ಕಾಯುತ್ತಿದ್ದ, ಜೇಬಿನಿಂದ ಇನ್ನೇನು ತೆಗೆದು ಸವರಿಬಿಡುತ್ತಾನೋ ಎಂದು. ನಾಲ್ಕು ಸಲ ಉಜ್ಜಿದ್ದೇ, ಸತುವಿನಷ್ಟೇ ಬೂದಾದ ತೆಳು ಸಿಪ್ಪೆಯೊಂದು ಸುರುಳಿಯಾಗಿ ಕಳಚಿತು. ಅಡಿಯಲ್ಲಿ ಲೋಹ ಫಳಕ್ಕೆಂದಿತು.

"ಇದಕ್ಕೆ ಬಣ್ಣ ಬಳಿದೋರು ಯಾರು ಭಾವ? ನೀರೇ ಮುಟ್ಟದಿದ್ರೆ ಇದು ಕೆಲಸ ಮಾಡೋದು ಹೇಗೆ?"

ಪೇಂಟರನನ್ನು ಕೂಗಿದರು. ವೆಲ್ಡರನಿಗೆ ಇಪ್ಪತ್ತು ವರ್ಷದ ಗೆಳೆಯ. ಎಲ್ಲರ ಬಾಯಲ್ಲೂ ಚೊಕ್ಕಣ್ಣ. ಗೋಡೆಯ ಮೇಲೆ ಕೂತ ನೊಣಕ್ಕೂ ಎರಡು ಕೋಟ್ ಹೊಡೆಯುವವನು ಎಂದು ಅವನನ್ನು ಗೇಲಿ ಮಾಡುತ್ತಿದ್ದರು. ಅವನೇನೂ ಮುಚ್ಚಿಡಲಿಲ್ಲ.

"ನಾನೇ ಕಣಯ್ಯ. ಹಡಗಿಗೆ ಬಳಿಯೋವಾಗ ಗಟ್ಟಿಗೆ ಕಾಗದ ಸುತ್ತೋದು ಮರೆತು ಬಣ್ಣ ಸಿಡೀತು. ಮಚ್ಚೆ ಮಚ್ಚೆ ಅಸಹ್ಯ ಕಾಣ್ತಿತ್ತು, ಸತುವಿನದೇ ಬೂದು ಬಣ್ಣ ಪೂರ್ತಿ ಬಳಿದೆ. ಕೊನೇಲಿ ನೀನು ನೋಡ್ತೀಯಲ್ಲ, ಬೇಡ ಅಂದ್ರೆ ಕೆರೆದರಾಯ್ತು ಅಂದ್ಕೊಂಡೆ."

ಹಡಗು ನೀರಿಗಿಳಿಯುವ ಮುನ್ನ ಕೊನೆಯ ಸಲ ನೋಡಬೇಕಾದವನು ವೆಲ್ಡರನೇ. ಬಾಮೈದನ ಗಟ್ಟಿಗಳನ್ನು ಎರಡೆರಡು ಸಲ ತೂಗಿದ್ದವನು, ಚೊಕ್ಕಣ್ಣನ ಕೆಲಸ ತಾನೇ ಎಂದು ಅವತ್ತು ಕೆಳಗಿಳಿಯದೆ, ಮೇಲಿನಿಂದಲೇ ಸಹಿ ಹಾಕಿದ್ದ.

"ನಾನು ನೋಡ್ಲಿಲ್ಲ ಸಾರ್," ಎಂದ ಮ್ಯಾನೇಜರಿಗೆ. "ನನ್ನ ಬಾಮೈದನದೇನೂ ತಪ್ಪಿಲ್ಲ."

ಬಾಮೈದ ಅರ ಹಿಂದಿರುಗಿಸಿದ. "ಸಾರ್‌ಗೆ ಹೇಳಿದ್ರಿ, ಸರಿ. ಅಕ್ಕ ಬೆಳಗ್ಗೆಯಿಂದ ನನ್ನ ಫೋನ್ ಎತ್ತಿಲ್ಲ ಭಾವ. ಅವಳಿಗೂ ನೀವೇ ಹೇಳಿ. ಇಲ್ಲೇ, ನನ್ನೆದುರಿಗೆ."

ವೆಲ್ಡರ್ ಕೈಗವಸು ಕಳಚಿ ಫೋನ್ ಒತ್ತಿದ. ರಿಂಗಾಗಿ ರಿಂಗಾಗಿ ನಿಂತಿತು. ಬಾಮೈದ ಕದಲಲಿಲ್ಲ. ವೆಲ್ಡರ್ ಮತ್ತೆ ಒತ್ತಿದ.